ನಾಲ್ಕು ನದಿ, ನಾಲ್ಕು ಶಾಂಪೂ ಬಾಟಲಿ

ಬೆರಳುದ್ದದ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳವನ್ನು ಒಂದೂವರೆ ಸುತ್ತು ತಿರುಗಿಸಿದರೆ ಬಿಗಿಯಾಗಿ ಕೂರುತ್ತದೆ. ಇರಲಿ ಎಂದು ಇನ್ನರ್ಧ ಸುತ್ತು ತಿರುಗಿಸಿದಿರೋ, ಒಳಗಿನ ತಿರುಪು ಜಾರಿ, ಅಲ್ಲಿಂದಾಚೆಗೆ ಆ ಬಾಟಲಿ ಜನ್ಮಪೂರ್ತಿ ಸೋರುತ್ತದೆ. ಜಾನ್ಸನ್‌ವಿಲ್‌ನ ನಮ್ಮ ಮನೆ ಹತ್ತಿರದ ಶಾಪಿಂಗ್ ಸೆಂಟರ್‌ನಲ್ಲಿ ಪ್ರಯಾಣಿಕರಿಗೆಂದೇ ಮಾರುವ ಖಾಲಿ ಶಾಂಪೂ ಬಾಟಲಿಗಳ ಒಂದು ಪ್ಯಾಕೆಟ್ ತಂದು, ಅಡುಗೆಮನೆಯ ಸಿಂಕಿನ ಮುಂದೆ ನಿಂತು, ಒಂದೊಂದಕ್ಕೂ ನೀರು ತುಂಬಿ, ತಲೆಕೆಳಗು ಮಾಡಿ, ಟಿಶ್ಯೂ ಪೇಪರಿನ ಮೇಲೆ ನಿಲ್ಲಿಸಿ ನಾನು ಪರೀಕ್ಷೆ ನಡೆಸಿದೆ. ಎರಡು ಫೇಲಾದವು. ನಾಲ್ಕು ಪಾಸಾದವು. ಯುರೋಪಿನಲ್ಲಿ ನಾವು ನೋಡಲಿದ್ದ ಊರುಗಳೂ ನಾಲ್ಕೇ. ಎಲ್ಲ ಎಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತಿದೆ ಎಂದು ಆ ಸಂಜೆ ನನಗೆ ಬಹಳ ಸಮಾಧಾನವಾಯಿತು.

ಆ ಥರದ ಸಮಾಧಾನವಾದಾಗಲೆಲ್ಲ ನಾನು ಎಚ್ಚರವಾಗಬೇಕು. ಆಗುವುದಿಲ್ಲ.

ನಾನು ವೆಲ್ಲಿಂಗ್ಟನ್ನಿನ ಒಂದು ಗ್ರಂಥಾಲಯದಲ್ಲಿ ಹೊಸ ಪುಸ್ತಕಗಳಿಗೆ ವಿಷಯ ಗೊತ್ತುಮಾಡಿ, ಸಂಖ್ಯೆ ಕೊಟ್ಟು, ಬೆನ್ನಿಗೆ ಲೇಬಲ್ ಅಂಟಿಸುತ್ತೇನೆ. ಹೆಚ್ಚು ಮಾತಾಡಬೇಕಿಲ್ಲದ ಕೆಲಸ, ಅದಕ್ಕೇ ಆರಿಸಿಕೊಂಡದ್ದು. ನನ್ನ ಗಂಡ ಅಭಿ ಇದಕ್ಕೆ ತದ್ವಿರುದ್ಧ. ಮೂಲೆಯಂಗಡಿಗೆ ಹಾಲು ತರಲು ಹೋದರೆ ಅಂಗಡಿಯವರ ಮೊಮ್ಮಗಳ ಹೆಸರು, ತರಗತಿ, ಹಲ್ಲು ಬಿದ್ದ ವಿಚಾರ ಎಲ್ಲ ತಿಳಿದುಕೊಂಡು, ಹಾಲು ಮರೆತು ಬರುತ್ತಾನೆ. ನಾವಿಬ್ಬರೂ ಓದಲೆಂದು ಈ ದೇಶಕ್ಕೆ ಬಂದು ಇಲ್ಲೇ ನಿಂತವರು. ಮದುವೆಯಾದಾಗಿನಿಂದ ಮುಂದಕ್ಕೆ ಹಾಕುತ್ತಲೇ ಬಂದಿದ್ದ ಯುರೋಪ್ ಪ್ರವಾಸಕ್ಕೆ ಈ ವರ್ಷ ಕೊನೆಗೂ ರಜೆ, ಟಿಕೆಟ್ಟು ಎಲ್ಲ ಕೂಡಿಬಂದಿತ್ತು. ನ್ಯೂಜಿಲೆಂಡಿನಿಂದ ಯಾವ ಊರಿಗೆ ಹೋಗುವುದಾದರೂ ಭೂಮಿಯ ಅಂಚಿನಿಂದ ಹತ್ತಿಕೊಂಡು ಹೋದ ಹಾಗೆ. ಪದೇಪದೇ ಹೋಗುವ ಮಾತಲ್ಲ. ಆದ್ದರಿಂದ ಒಂದೊಂದು ಗೋಪುರವನ್ನೂ ಒಂದೊಂದು ಚಿತ್ರವನ್ನೂ ನಿಧಾನವಾಗಿ, ಕಣ್ಣುತುಂಬ ನೋಡಬೇಕು ಎಂದು ನಾನು ನಿರ್ಧರಿಸಿದ್ದೆ.

ಹೊರಡುವ ಮುಂಚಿನ ಭಾನುವಾರ ವೆಲ್ಲಿಂಗ್ಟನ್ ಪಕ್ಕದ ಅಪ್ಪರ್ ಹಟ್‌ಗೆ ಹೋಗಿ ವಿಶಾಲತ್ತೆಗೆ ನಮಸ್ಕಾರ ಮಾಡಿಬಂದೆವು. ವಿಶಾಲತ್ತೆ ನನ್ನ ತಂದೆಯ ಅಕ್ಕ. ಮಗಳು ಅಳಿಯನ ಜೊತೆ ಇಲ್ಲಿಗೆ ಬಂದು ನೆಲೆಸುವ ಮುನ್ನ ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. 'ಟೀಚರ್' ಎಂದರೆ ಅವರಿಗೆ ಸಾಲದು; ಮೇಷ್ಟ್ರೇ.

"ನಿಮಗೇನು ತರಲಿ ಅತ್ತೆ?" ಎಂದು ಕೇಳಿದೆ. ಕೇಳಬೇಕಾದ ಮಾತೆಂದು ಕೇಳಿದ್ದು.

"ಏನೂ ಬೇಡ ಕಣೇ. ನೀರು ತಂದ್ಕೊಡು."

"ನೀರಾ?"

"ಯಾವ್ಯಾವ ಊರು ಅಂದೆ? ರೋಮ್, ವಿಯೆನ್ನಾ, ಪ್ರಾಗ್, ಪ್ಯಾರಿಸ್ ಅಲ್ವಾ? ಟೈಬರ್, ಡ್ಯಾನ್ಯೂಬ್, ವಲ್ಟಾವಾ, ಸೀನ್. ಹೊಂದಿಸಿ ಬರೆಯಿರಿ. ಸರ್ವೀಸ್ ಪೂರ್ತಿ ಕೋಲು ಹಿಡ್ಕೊಂಡು ಮ್ಯಾಪಿನ ಮೇಲೆ ತೋರಿಸಿದ್ದೇ ಬಂತು. ಒಬ್ಬಳನ್ನೂ ಮುಟ್ಟಿಲ್ಲ." ಅತ್ತೆ ಎರಡೂ ಮೊಣಕಾಲನ್ನು ಒಮ್ಮೆ ಸವರಿಕೊಂಡರು. "ಇನ್ನು ಇವುಗಳನ್ನ ನಂಬ್ಕೊಂಡು ಅಲ್ಲಿಗೆ ಹೋಗೋದು ಸುಳ್ಳು. ನಾನು ಹೋಗೋಕಾಗದೇ ಇದ್ರೆ ಅವರೇ ಬರಲಿ. ನೀನು ವಾಪಸ್ ಬರೋ ಹೊತ್ತಿಗೆ ಸರಿಯಾಗಿ ತುಲಾ ಸಂಕ್ರಮಣ. ಕಾವೇರಿ ಪೂಜೆಗೆ ಈ ಸಲ ನಾಲ್ಕು ಜನ ನೆಂಟರು ಅಂತ ಎಲ್ಲರಿಗೂ ಹೇಳಿಬಿಡ್ತೀನಿ."

ಹೇಳಿಬಿಡ್ತೀನಿ ಎಂದದ್ದು ಬಾಯಿಮಾತಿಗೆ. ನಾವು ಕಾಫಿ ಕುಡಿದು ಮುಗಿಸುವುದರೊಳಗೆ ಫೋನಿನಲ್ಲಿ ಅಪ್ಪರ್ ಹಟ್‌ನ ಅರ್ಧದಷ್ಟು ಕನ್ನಡಿಗರಿಗೆ ಆಹ್ವಾನ ಹೋಗಿಯಾಗಿತ್ತು. ಜೊತೆಗೆ ನನಗೆ ನಿಯಮಗಳು. ನಲ್ಲಿ ನೀರಾಗಬಾರದು. ಊರ ಹೊರಗಿನದಾಗಬಾರದು, ಊರೊಳಗೆ ಹರಿಯುವ ನೀರೇ ಆಗಬೇಕು. ನನ್ನ ಕೈಯಾರೆ ತುಂಬಬೇಕು. ತುಂಬುವ ಮುಂಚೆ ಅರಿಶಿನ, ಕುಂಕುಮ, ಅಕ್ಷತೆ ಹಾಕಬೇಕು.

"ಸುಮ್ಮನೆ ಹೋಗಿ ಬಗ್ಗಿಸ್ಕೊಂಡು ಬರಬೇಡ. ಯಾರದೋ ಮನೆ ಹೆಣ್ಣುಮಗಳು ಅವಳು. ಕುಂಕುಮ ಕೊಟ್ಟು ಕರಿ."

"ಅಷ್ಟೇ ತಾನೇ ಅತ್ತೆ" ಎಂದೆ.

ವಾಪಸ್ ಬರುವಾಗ ಕಾರಿನಲ್ಲಿ ಅಭಿ, "ಎಲ್ಲರ ಅತ್ತೆಯರೂ ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ ಕೇಳ್ತಾರೆ" ಎಂದ.

"ಊರಿನ ಮಧ್ಯದಲ್ಲೇ ನದಿ ಹರಿಯುತ್ತೆ ಅಭಿ. ಬಗ್ಗೋದು, ತುಂಬೋದು. ಒಂದೊಂದಕ್ಕೆ ಐದು ನಿಮಿಷ."

ಯುರೋಪಿನ ನಗರಗಳ ಬಗ್ಗೆ ನಾನು ಓದಿದ್ದ ಯಾವ ಪುಸ್ತಕದಲ್ಲೂ ಒಂದು ಮುಖ್ಯ ಸಂಗತಿಯನ್ನು ಬರೆದಿರಲಿಲ್ಲ. ಅವರು ತಮ್ಮ ನದಿಗಳನ್ನು ತುಂಬ ಪ್ರೀತಿಸುತ್ತಾರೆ. ಆದರೆ ನಾವು ಮೃಗಾಲಯದಲ್ಲಿ ಹುಲಿಯನ್ನು ಪ್ರೀತಿಸುವ ಹಾಗೆ, ಗೋಡೆಯ ಈಚೆಯಿಂದ. ನಮ್ಮಲ್ಲಿ ನದಿಯೆಂದರೆ ಮೆಟ್ಟಿಲು. ಇಳಿಯುತ್ತೀರಿ, ಕಾಲು ತೊಳೆಯುತ್ತೀರಿ, ಎಮ್ಮೆಯೂ ಇಳಿಯುತ್ತದೆ. ರೋಮಿನಲ್ಲಿ ಟೈಬರ್ ಎಲ್ಲೋ ಪಾತಾಳದಲ್ಲಿ ಹರಿಯುತ್ತಿತ್ತು. ದಡದುದ್ದಕ್ಕೂ ಎರಡು ಮೂರು ಅಂತಸ್ತು ಎತ್ತರದ ಕಲ್ಲಿನ ಗೋಡೆ, ಅದರ ಮೇಲೆ ಸಾಲುಮರ. ಮರಗಳು ಕೊಂಬೆಗಳನ್ನು ಮಾತ್ರ ನೀರಿನತ್ತ ಚಾಚಿದ್ದವು. ಅವಕ್ಕೂ ಎಟುಕುತ್ತಿರಲಿಲ್ಲ.

ಆ ದಿನ ಮಧ್ಯಾಹ್ನಕ್ಕೆ ನಮಗೆ ಅಲ್ಲಿನ ಜಗದ್ವಿಖ್ಯಾತ ಚರ್ಚಿನ ಗುಮ್ಮಟ ಹತ್ತುವ ಟಿಕೆಟ್ ಇತ್ತು. "ಹೋಗುವ ದಾರಿಯಲ್ಲೇ ನದಿ. ನೀರು ಹಿಡಿದುಕೊಂಡೇ ಹೋಗೋಣ" ಎಂದೆ. ಒಂದು ಸೇತುವೆಯ ಪಕ್ಕದಲ್ಲಿ ಕಡಿದಾದ ಮೆಟ್ಟಿಲು ಸಿಕ್ಕಿತು. ಇಳಿದರೆ ಅಗಲವಾದ ಕಲ್ಲುಹಾಸು, ಆಮೇಲೆ ಮತ್ತೆ ಆಳೆತ್ತರದ ಇಳಿಜಾರು, ಆಮೇಲೆ ನೀರು. ಬಗ್ಗಲು ಜಾಗ ಹುಡುಕುತ್ತ ನಡೆದೆ. ಒಂದು ಸೇತುವೆ ದಾಟಿತು. ಇನ್ನೊಂದು ದಾಟಿತು. ಕೆಳಗೆ ಊರಿನ ಸದ್ದೇ ಇರಲಿಲ್ಲ. ಎಲೆಗಳ ನೆರಳು ಕಂದು ನೀರಿನ ಮೇಲೆ ಅಲುಗುತ್ತಿತ್ತು, ಒಂದು ಬೂದುಬಣ್ಣದ ಕೊಕ್ಕರೆ ಬಂಡೆಯೊಂದರ ಮೇಲೆ ನಿದ್ದೆ ಮಾಡುತ್ತಿತ್ತು. ನಾನು ಎಲ್ಲಿಗೆ, ಯಾಕೆ ಹೊರಟಿದ್ದೆ ಎಂಬುದು ಮರೆತೇಹೋಗಿತ್ತು.

"ಸುಮೀ, ಗುಮ್ಮಟ!" ಎಂದು ಅಭಿ ಮೇಲಿನಿಂದ ಕೂಗಿದ.

ಕೊನೆಗೆ ಕಲ್ಲು ಕುಸಿದು ಮಣ್ಣು ಇಳಿಬಿದ್ದ ಒಂದು ಜಾಗ ಸಿಕ್ಕಿತು. ಕುಂಕುಮ ಹಾಕಿದೆ. ಬಗ್ಗಿದೆ. ಬಾಟಲಿ ನೀರಿಗೆ, ನಾನು ಕೆಸರಿಗೆ. ಕಣಕಾಲಿನವರೆಗೂ ಹೂತ ಎರಡೂ ಶೂಗಳನ್ನು ಒಂದೊಂದಾಗಿ ಕೀಳುವ ಹೊತ್ತಿಗೆ, ಟೈಬರ್ ಸಿಕ್ಕಿತೆಂಬ ಸಂಭ್ರಮದಲ್ಲಿ ಮುಚ್ಚಳವನ್ನು ಪೂರ್ತಿ ಎರಡು ಸುತ್ತು ತಿರುಗಿಸಿದ್ದೆ.

ಚರ್ಚಿನ ಮುಂದೆ ತಲುಪಿದಾಗ ನನ್ನ ಕಾಲಿನ ಸ್ಥಿತಿ ದೇವರ ಮನೆಗೆ ಹೋಗುವಂತಿರಲಿಲ್ಲ. "ನೀನು ಹತ್ತಿ ಬಾ" ಎಂದು ಅಭಿಯನ್ನು ಕಳಿಸಿ, ಅಲ್ಲಿನ ಭಾರಿ ಕಂಬಗಳ ನೆರಳಿನಲ್ಲಿ ಕೂತು ಕಡ್ಡಿಯಿಂದ ಕೆಸರು ಕೆರೆದೆ. ಅಷ್ಟರಲ್ಲಿ ತೊಡೆಯ ಮೇಲೆ ತಣ್ಣಗಾಯಿತು. ಟೈಬರ್ ನದಿಯು ಬ್ಯಾಗಿನ ತಳದಿಂದ ಉಗಮವಾಗಿ, ನನ್ನ ಲಂಗದ ಮೇಲೆ ದಕ್ಷಿಣಾಭಿಮುಖವಾಗಿ ಹರಿಯುತ್ತಿತ್ತು.

ಉಳಿದಷ್ಟನ್ನು ಹೋಟೆಲಿನಲ್ಲಿ ಕೊಟ್ಟಿದ್ದ ಶಾಂಪೂ ಬಾಟಲಿಯನ್ನು ಖಾಲಿ ಮಾಡಿ, ತೊಳೆದು, ಅದಕ್ಕೆ ಸುರಿದೆ. ಸಾಕಷ್ಟು ತೊಳೆದಿರಲಿಲ್ಲವೆಂದು ಕಾಣುತ್ತದೆ. ಅಲ್ಲಿಂದಾಚೆಗೆ ನಾವು ಹೋದಲ್ಲೆಲ್ಲ ಟೈಬರ್ ನೊರೆಯುತ್ತಿತ್ತು. ಆದರೂ ಬಿಳಿ ಲೇಬಲ್ ಮೇಲೆ ಕನ್ನಡದಲ್ಲಿ 'ಟೈಬರ್, ರೋಮ್' ಎಂದು ದುಂಡಗೆ ಬರೆದು ಅಂಟಿಸಿದೆ.

ವಿಯೆನ್ನಾದಲ್ಲಿ ಮಾತ್ರ ಎಲ್ಲ ಸಲೀಸಾಗಿತ್ತು. ಹೋಟೆಲಿನಿಂದ ಎರಡು ರಸ್ತೆ ದಾಟಿದರೆ ಡ್ಯಾನ್ಯೂಬ್. ಅಗಲವಾದ ಮೆಟ್ಟಿಲುಗಳು, ನೀರಿಗೆ ಸಮನಾದ ಕಟ್ಟೆ, ಗೋಡೆಗಳ ಮೇಲೆ ಬಣ್ಣಬಣ್ಣದ ಚಿತ್ರ. ಬೆಳಗಿನ ಬಿಸಿಲಿನಲ್ಲಿ ಜನ ನಾಯಿಗಳನ್ನು ಓಡಾಡಿಸುತ್ತಿದ್ದರು. ಶಾಸ್ತ್ರೋಕ್ತವಾಗಿ ಅರಿಶಿನ, ಕುಂಕುಮ, ಅಕ್ಷತೆ ಹಾಕಿ, ಒಂದೂವರೆ ಸುತ್ತಿಗೇ ನಿಲ್ಲಿಸಿ, ಅಭಿ ತೆಗೆದ ವೀಡಿಯೊವನ್ನು ಅತ್ತೆಗೆ ಕಳಿಸಿದೆ. ಕೂಡಲೇ ಫೋನು ಬಂತು.

"ಇದೇನೇ ಇದು?"

"ಡ್ಯಾನ್ಯೂಬ್ ಅತ್ತೆ."

"ಎಷ್ಟು ಅಗಲ ಇದೆ?"

"ನಿಮ್ಮ ಮನೆ ಹಿಂದಿನ ಹಟ್ ನದಿಯಷ್ಟು ಇದೆ."

ಪಾಠ ಒಪ್ಪಿಸುವಾಗ ತಪ್ಪಿದ ಹುಡುಗಿಯನ್ನು ಕೇಳುವ ದನಿಯಲ್ಲಿ ಮೇಷ್ಟ್ರು ಕೇಳಿದರು. "ಸುಮೀ, ಆಕೆ ಅರ್ಧ ಯುರೋಪನ್ನ ದಾಟಿ ಬರೋಳು. ಅಷ್ಟು ಸಣಕಲಾಗಿ ಇರ್ತಾಳಾ? ಅಲ್ಲೆಲ್ಲಾದ್ರೂ ಬೋರ್ಡ್ ಇದ್ಯಾ ನೋಡು."

ನನ್ನ ತಲೆಯ ಮೇಲೇ ಇತ್ತು. ಓದಿದೆ. ಜರ್ಮನ್ ಬಾರದವರಿಗೂ ಕೊನೆಯ ಅಕ್ಷರಗಳು ಅರ್ಥವಾಗುವಂತಿದ್ದವು.

"ಕೆನಾಲ್... ಅಂತಿದೆ ಅತ್ತೆ."

"ನಾಲೆ! ಮಂಡ್ಯದ ನಾಲೆ ನೀರು ತುಂಬ್ಕೊಂಡು ಬಂದು ಕಾವೇರಿ ಅಂತ ಕೊಡ್ತೀಯಾ ಯಾರಿಗಾದ್ರೂ?"

ದಿನವಿಡೀ ಲೇಬಲ್ ಅಂಟಿಸಿ ಹೊಟ್ಟೆ ಹೊರೆಯುವ ನಾನು ನದಿಯ ಲೇಬಲ್ಲನ್ನೇ ಓದಿರಲಿಲ್ಲ. ಅಭಿ ತಲೆ ಆಚೆ ತಿರುಗಿಸಿಕೊಂಡಿದ್ದ. ಅವನ ಭುಜಗಳು ಕುಲುಕುತ್ತಿದ್ದವು.

ಮರುದಿನ ಅರಮನೆ ನೋಡುವ ಕಾರ್ಯಕ್ರಮ. ಅದೊಂದೇ ದಿನ ಉಳಿದಿತ್ತು. ಅಭಿ ಅರಮನೆಗೆ ಹೋದ. ನಾನು ಮೆಟ್ರೊ ಹತ್ತಿ ನಿಜವಾದ ಡ್ಯಾನ್ಯೂಬಿಗೆ ಹೋದೆ. ಅದು ಊರಿನ ಮಗ್ಗುಲಲ್ಲಿ, ಯಾರೂ ನೋಡುತ್ತಿಲ್ಲವೆಂಬಂತೆ, ತನ್ನಷ್ಟಕ್ಕೆ ಹೊರಟಿತ್ತು. ಎಷ್ಟು ಅಗಲವೆಂದರೆ ಆಚೆ ದಡದ ಮನುಷ್ಯರು ಅಲ್ಪವಿರಾಮಗಳಂತೆ ಕಾಣುತ್ತಿದ್ದರು. ನೀಲಿ ಎಂದು ಎಲ್ಲರೂ ಹೇಳುತ್ತಾರೆ, ನೀಲಿಯಲ್ಲ. ಒದ್ದೆ ಸ್ಲೇಟಿನ ಬಣ್ಣ, ಬಿಸಿಲು ಬಿದ್ದಲ್ಲಿ ಒಂದಿಷ್ಟು ಹಸಿರು. ಸರಕಿನ ದೋಣಿಯೊಂದು ಬಹಳ ಹೊತ್ತು ಹೋಗುತ್ತಲೇ ಇತ್ತು. ಅದರ ಹಿಂಬದಿಯಲ್ಲಿ ಯಾರೋ ಬಟ್ಟೆ ಒಣಹಾಕಿದ್ದರು. ಬಾಟಲಿ ತುಂಬಿದ ಮೇಲೂ ನಾನು ಏಳಲಿಲ್ಲ. ಆ ಬಟ್ಟೆ ಯಾವ ದೇಶದಲ್ಲಿ ಒದ್ದೆಯಾಗಿ ಯಾವ ದೇಶದಲ್ಲಿ ಒಣಗುತ್ತದೋ ಎಂದು ಯೋಚಿಸುತ್ತ ಕೂತೆ.

ಅಭಿಯಿಂದ ಚಿನ್ನದ ಗೋಡೆಯ, ದೀಪದ ಗೊಂಚಲಿನ ಫೋಟೊಗಳು ಬಂದವು. 'ನೀನು ಇದನ್ನ ನೋಡಬೇಕಿತ್ತು' ಎಂದು ಬರೆದಿದ್ದ. ನಾನು ನೀರಿನ ಫೋಟೊ ಕಳಿಸಿ, 'ನೀನು ಇದನ್ನ' ಎಂದು ಬರೆದೆ. 'ಅದು ನೀರು' ಎಂದು ಉತ್ತರ ಬಂತು.

ಪ್ರಾಗ್ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಅಲ್ಲಿ ನದಿಗೆ ಇಳಿಯಲು ಮರಳಿನ ಚಿಕ್ಕ ದಂಡೆಯೇ ಇದೆ, ಅಲ್ಲಿ ಹಂಸಗಳಿರುತ್ತವೆ. ನೀರಿಗೆ ಅಕ್ಷತೆ ಹಾಕಿದರೆ ಹಂಸಗಳ ದೃಷ್ಟಿಯಲ್ಲಿ ಅದು ಅಕ್ಕಿ. ಮಂಜಿನೊಳಗಿಂದ ಅವು ಒಂದೊಂದಾಗಿ, ಸದ್ದಿಲ್ಲದೆ, ಕನಸಿನಲ್ಲಿ ಬಂದಂತೆ ಬಂದವು. ನನ್ನ ಸುತ್ತ ಬಿಳಿಯ ಅರ್ಧವೃತ್ತವೊಂದು ನಿಂತಿತು. ಇಂಥ ಕ್ಷಣಕ್ಕಾಗಿಯೇ ಅಲ್ಲವೇ ಮನುಷ್ಯ ಪ್ರವಾಸ ಹೋಗುವುದು ಎಂದುಕೊಂಡೆ. ಅಕ್ಕಿ ಮುಗಿಯಿತು. ಹಂಸವು ಹಾವಿನಂತೆ ಬುಸುಗುಡುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಾಟಲಿಯನ್ನು ಎದೆಗವಚಿಕೊಂಡು ದಂಡೆಯ ಮೇಲೆ ನಾನು ಓಡುವ ವೀಡಿಯೊ ಅಭಿಯ ಬಳಿ ಇದೆ. ಇಡೀ ಪ್ರವಾಸದಲ್ಲಿ ನಾನು ಯುರೋಪಿಗೆ ಹೋಗಿದ್ದೆನೆಂಬುದಕ್ಕೆ ಪೂರ್ತಿ ಮುಖ ಕಾಣುವ ಸಾಕ್ಷ್ಯ ಅದೊಂದೇ.

ಇನ್ನು ಉಳಿದದ್ದು ಪ್ಯಾರಿಸ್. ಅಲ್ಲಿ ಯಾವ ಅಚಾತುರ್ಯಕ್ಕೂ ಎಡೆಗೊಡಬಾರದೆಂದು, ಜನ ಸೇರುವ ಮುಂಚೆ ಬೆಳಿಗ್ಗೆ ಬೇಗನೆ ಹೊರಟೆವು. ಸೇತುವೆಯ ಕೆಳಗೆ ಮೆಟ್ಟಿಲುಗಳು ನೇರವಾಗಿ ನೀರಿಗೇ ಇಳಿದಿದ್ದವು. ಅಭಿ ಮೇಲೆಯೇ ನಿಂತ. ಕಟ್ಟಡಗಳೆಲ್ಲ ಇನ್ನೂ ಮಬ್ಬಿನಲ್ಲಿದ್ದವು, ದೂರದ ಗೋಪುರದ ತುದಿ ಮಾತ್ರ ಮೋಡದಿಂದ ಕೆಳಗೆ ತೂಗುಬಿಟ್ಟಂತಿತ್ತು. ಒದ್ದೆ ಕಲ್ಲಿನ ವಾಸನೆ. ನಾನು ಕೊನೆಯ ಮೆಟ್ಟಿಲಿನಲ್ಲಿ ಕೂತು, ಪೊಟ್ಟಣ ಬಿಚ್ಚಿ, ಅರಿಶಿನದ ಪುಡಿಯನ್ನು ನಿಧಾನವಾಗಿ ನೀರಿಗೆ ಉದುರಿಸಿದೆ. ಬೆಳಕು ಕಡಿಮೆಯಿದ್ದುದರಿಂದ ಅದು ಹಳದಿಯಾಗಿ ಕಾಣಲಿಲ್ಲ. ಬರಿಯ ಪುಡಿಯಾಗಿ ಕಂಡು, ಹರಡಿ, ತೇಲಿಹೋಯಿತು.

ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಿದರೆ, ಪುಟ್ಟ ನಾಯಿಯೊಂದರ ಹಗ್ಗ ಹಿಡಿದ ವಯಸ್ಸಾದ ಒಬ್ಬರು. ಟೋಪಿ, ಉದ್ದ ಕೋಟು.

"ಯಾರಿಗಾಗಿ?" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು.

ನೀರು ಯಾರಿಗಾಗಿ ಎಂದು ಕೇಳುತ್ತಿದ್ದಾರೆ ಎಂದುಕೊಂಡೆ. "ನನ್ನ ಅತ್ತೆಗೆ."

"ಅವರಿಗೆ ಈ ನದಿ ಇಷ್ಟವಿತ್ತೇ?"

"ತುಂಬಾ. ಶಾಲೆಯಲ್ಲಿ ಮಕ್ಕಳಿಗೆ ಇದರ ಬಗ್ಗೆಯೇ ಪಾಠ ಮಾಡುತ್ತಿದ್ದರು. ಒಮ್ಮೆಯೂ ಬಂದು ನೋಡಲಿಕ್ಕಾಗಲಿಲ್ಲ."

"ಈಗ ಬಂದರಲ್ಲ" ಎಂದರು.

ಫ್ರೆಂಚರು ಸಾಮಾನ್ಯ ಮಾತನ್ನೂ ಎಷ್ಟು ಚೆಂದವಾಗಿ ಆಡುತ್ತಾರೆ ಎಂದು ನಾನು ಮೆಚ್ಚಿಕೊಳ್ಳುತ್ತಿರುವಾಗಲೇ ಅವರು ಟೋಪಿ ತೆಗೆದು ಎದೆಗೆ ಒತ್ತಿಕೊಂಡು ತಲೆ ತಗ್ಗಿಸಿದರು. ನಾಯಿಯೂ ಕೂತುಕೊಂಡಿತು. ತೇಲಿಹೋಗುತ್ತಿದ್ದ ಪುಡಿಯನ್ನು ನೋಡಿದೆ. ಅವರ ಒದ್ದೆ ಕಣ್ಣುಗಳನ್ನು ನೋಡಿದೆ. ಅವರ ಕಣ್ಣಿಗೆ ಅದು ಅರಿಶಿನವಾಗಿರಲಿಲ್ಲ, ಚಿತಾಭಸ್ಮವಾಗಿತ್ತು.

ವಿವರಿಸಬೇಕಿತ್ತು. ಆದರೆ ಎಲ್ಲಿಂದ ಶುರುಮಾಡುವುದು? ತುಲಾ ಸಂಕ್ರಮಣದಿಂದಲೋ, ಕಾವೇರಿಯಿಂದಲೋ, ಹೊಂದಿಸಿ ಬರೆಯಿರಿಯಿಂದಲೋ? ಅಪರಿಚಿತರ ಹತ್ತಿರ ದಾರಿ ಕೇಳಲೂ ಮುಜುಗರಪಡುವವಳು ನಾನು. ಪಾಪ, ಇಷ್ಟು ದುಃಖಪಟ್ಟವರನ್ನು ನಿರಾಶೆಗೊಳಿಸುವುದೂ ಸರಿಯಲ್ಲವೆನಿಸಿತು. ಆದ್ದರಿಂದ ನಾನೂ ತಲೆ ತಗ್ಗಿಸಿದೆ. ಅಪ್ಪರ್ ಹಟ್‌ನಲ್ಲಿ ಆ ಹೊತ್ತಿಗೆ ಬಹುಶಃ ರಾತ್ರಿಯೂಟಕ್ಕೆ ಸಾರು ಕುದಿಸುತ್ತಿದ್ದ ನನ್ನ ಸೋದರತ್ತೆಯ ಆತ್ಮಕ್ಕೆ ಶಾಂತಿ ಕೋರಿ ಸೀನ್ ನದಿಯ ದಡದಲ್ಲಿ ಮೌನಾಚರಣೆ ನಡೆಯಿತು.

ಆಗ ಮೇಲಿನಿಂದ ಅಭಿ ದಡದಡನೆ ಇಳಿದುಬಂದ. "ಸುಮೀ, ಅತ್ತೆ ಫೋನು!" ಎಂದವನೇ ಪರದೆಯನ್ನು ನಮ್ಮಿಬ್ಬರ ಮುಖದ ಮಧ್ಯೆ ಹಿಡಿದ. ಪರದೆಯ ತುಂಬ ಅತ್ತೆ. ಕಾಸಗಲ ಕುಂಕುಮ, ಕೈಯಲ್ಲಿ ಸೌಟು.

"ಸಿಕ್ಕಿದ್ಲೇನೇ ಸೀನ್?"

ಆ ಹಿರಿಯರು ಪರದೆ ನೋಡಿದರು, ನನ್ನನ್ನು ನೋಡಿದರು.

"ಅವರ ತಂಗಿ" ಎಂದೆ.

ಅಭಿ ನನ್ನ ಮುಖವನ್ನೇ ನೋಡುತ್ತ ನಿಂತ. ಹಿರಿಯರು ಪರದೆಯ ಕಡೆಗೆ ಬಾಗಿ, ಎದೆಯ ಮೇಲೆ ಕೈಯಿಟ್ಟು, ಫ್ರೆಂಚಿನಲ್ಲಿ ದೀರ್ಘವಾಗಿ ಸಾಂತ್ವನ ಹೇಳಿದರು. ಆಮೇಲೆ ಕಣ್ಣೊರೆಸಿಕೊಂಡರು.

"ಯಾರೇ ಅವರು? ಯಾಕೆ ಅಳ್ತಿದಾರೆ?"

"ಪರಿಚಯದವರು ಅತ್ತೆ. ಆಮೇಲೆ ಹೇಳ್ತೀನಿ."

"ಅಯ್ಯೋ, ಸಮಾಧಾನ ಮಾಡ್ಕೊಳ್ಳಿ ಅಂತ ಹೇಳು. ಏನಿದ್ರೂ ಸರಿಹೋಗುತ್ತೆ ಅನ್ನು" ಎಂದು ಅತ್ತೆ ಸೌಟು ಎತ್ತಿ ಅವರಿಗೆ ಅಭಯ ತೋರಿಸಿದರು. ಹೀಗೆ ಇಬ್ಬರೂ ಪರಸ್ಪರರ ದುಃಖವನ್ನು ಹಂಚಿಕೊಂಡು ಬೀಳ್ಕೊಂಡರು. ಆ ಹಿರಿಯರು ಮರೆಯಾದ ಮೇಲೆ ನಾನು ಬಾಟಲಿ ತುಂಬಿಕೊಂಡೆ.

ಸೇತುವೆಯ ಮೇಲೆ ಅಭಿ ಕಂಬ ಹಿಡಿದುಕೊಂಡು ನಕ್ಕ. "ಕುಂಕುಮ ಕೊಟ್ಟು ಕರಿ ಅಂದ್ರೆ, ಅತ್ತೆ ತಿಥೀನೇ ಮುಗಿಸಿಬಿಟ್ಯಲ್ಲೇ!" ಮಧ್ಯಾಹ್ನ ಅವನು ಗೋಪುರ ಹತ್ತಿದ. ನನಗೆ ಮುಖ ತೋರಿಸುವ ಧೈರ್ಯ ಬರಲಿಲ್ಲ. ಪ್ಯಾರಿಸಿನಲ್ಲಿ ಆ ಹಿರಿಯರನ್ನು ಮತ್ತೆ ಎದುರುಗೊಳ್ಳುವ ಸಂಭವ ಎಷ್ಟೇ ಕಡಿಮೆಯಿದ್ದರೂ ಇತ್ತಲ್ಲ. ಹೋಟೆಲಿನ ಕೋಣೆಯಲ್ಲೇ ಉಳಿದು ಲೇಬಲ್ ಬರೆದೆ.

ನಾಲ್ಕು ಬಾಟಲಿಗಳನ್ನೂ ಪಾರದರ್ಶಕ ಚೀಲದಲ್ಲಿ ಹಾಕಿ ತೊಡೆಯ ಮೇಲಿಟ್ಟುಕೊಂಡು ಹಾರಿದೆ. ದಾರಿಯ ವಿಮಾನ ನಿಲ್ದಾಣಗಳಲ್ಲಿ ಯಾರೂ ಏನೂ ಕೇಳಲಿಲ್ಲ. ಅಳತೆ ಚಿಕ್ಕದು, ಲೇಬಲ್ ಕನ್ನಡದ್ದು. ವಿಮಾ‌ನದ ಕತ್ತಲಲ್ಲಿ ಒಮ್ಮೊಮ್ಮೆ ಚೀಲವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಮೂರು ಊರಿನ ನೀರು ಅಲುಗುತ್ತಿತ್ತು, ರೋಮಿನ ನೀರು ನೊರೆಯುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಆಗ ಎಷ್ಟು ಹೆಮ್ಮೆಯಾಗಿತ್ತೆಂದರೆ, ಯಾವುದಾದರೂ ನದಿಗೆ ಆಯಾಸವಾಯಿತೇನೋ ಎಂದು ವಿಚಾರಿಸಿಕೊಳ್ಳುವುದಷ್ಟೇ ಬಾಕಿ.

ಆಕ್ಲೆಂಡಿನಲ್ಲಿ ಇಳಿಯುವ ಮುಂಚೆ ತುಂಬಬೇಕಾದ ಘೋಷಣಾ ಪತ್ರದಲ್ಲಿ, ಸಿಹಿನೀರಿನ ಸಂಪರ್ಕಕ್ಕೆ ಬಂದ ವಸ್ತುಗಳೇನಾದರೂ ಇವೆಯೇ ಎಂದು ಕೇಳಿದ್ದರು. ಅಭಿ ನನ್ನ ಕಡೆ ನೋಡಿದ. ನಾನು ಪ್ರಶ್ನೆಯನ್ನು ಎರಡು ಸಲ ಓದಿ, ಹೌದು ಎಂದು ಗುರುತು ಹಾಕಿದೆ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ನನ್ನ ಸ್ವಭಾವ. ಅದಕ್ಕೆ ನಾನು ಏನೂ ಮಾಡಲಾರೆ.

ಕೈಗವಸು ಹಾಕಿದ್ದ ಅಧಿಕಾರಿ ತಾಯಿಯಂಥ ಹೆಂಗಸು, ಅಕ್ಕರೆಯಿಂದ ಮಾತಿಗೊಮ್ಮೆ 'ಲವ್' ಎನ್ನುವವಳು. ಚೀಲ ಎತ್ತಿ ನೋಡಿದಳು.

"ಏನಿದು, ಲವ್? ಶಾಂಪೂ?"

"ನದಿ."

"ಯಾವ ನದಿ?"

"ನಾಲ್ಕು."

ಆಕೆ ಇನ್ನೊಬ್ಬ ಅಧಿಕಾರಿಯನ್ನು ಕರೆದಳು. ಆಮೇಲೆ ಬಹಳ ಸಹಾನುಭೂತಿಯಿಂದ ವಿವರಿಸಿದಳು. ಹೊರಗಿನ ಒಂದು ಹನಿಯಲ್ಲಿ ಕಣ್ಣಿಗೆ ಕಾಣದ ಪಾಚಿ ಬಂದರೂ ಸಾಕಂತೆ, ಇಲ್ಲಿನ ನದಿಗಳ ಕಲ್ಲನ್ನೆಲ್ಲ ಲೋಳೆಯಾಗಿ ಮುಚ್ಚಿಬಿಡುತ್ತದಂತೆ. ಒಂದು ಸಲ ಹೊಕ್ಕರೆ ಮತ್ತೆ ಹೋಗುವುದಿಲ್ಲವಂತೆ. ಪ್ರತಿ ಹೊಳೆಯ ಪಕ್ಕದಲ್ಲೂ ಈ ಎಚ್ಚರಿಕೆಯ ಫಲಕವನ್ನು ಎಷ್ಟೋ ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಅದು ಬೇರೆಯವರಿಗೆ ಎಂದುಕೊಂಡಿದ್ದೆ.

"ಕುದಿಸಿ ಕೊಟ್ಟರೆ?" ಎಂದು ಕೇಳಿದೆ.

"ಇಲ್ಲಿ ಒಲೆ ಇಲ್ಲ, ಲವ್."

ಬಾಟಲಿಗಳು ಹಳದಿ ಡಬ್ಬಿಗೆ ಹೋದವು. ನಂತರ ಆಕೆಯ ಕಣ್ಣು ನನ್ನ ಶೂಗಳ ಮೇಲೆ ಬಿತ್ತು. ಅಡಿಯ ಸಂದಿನಲ್ಲಿ ಉಳಿದಿದ್ದ ಟೈಬರಿನ ಕೆಸರನ್ನೂ ಬಿಡಲಿಲ್ಲ. ಒಳಗೆ ಒಯ್ದು, ಉಜ್ಜಿ ತೊಳೆದು, ಹೊಸದರಂತೆ ಮಾಡಿ ತಂದುಕೊಟ್ಟಳು. ಯುರೋಪಿನಿಂದ ನಾನು ತಂದದ್ದು ಅಷ್ಟೇ. ಬಹಳ ಸ್ವಚ್ಛವಾದ ಒಂದು ಜೊತೆ ಶೂ.

"ಜಾನ್ಸನ್‌ವಿಲ್ ಮನೆ ನಲ್ಲೀಲಿ ನಾಲ್ಕು ಬಾಟಲಿ ಹಿಡಿದುಬಿಡೋಣ" ಎಂದ ಅಭಿ, ಭಾನುವಾರ ಅಪ್ಪರ್ ಹಟ್‌ಗೆ ಕಾರು ಓಡಿಸುತ್ತ. "ಯಾರಿಗೆ ಗೊತ್ತಾಗುತ್ತೆ?"

"ಟೈಬರ್ ಅಂತ ಬರೆದು ನಲ್ಲಿ ನೀರು ಹಾಕೋದಾ? ಅದು ತಪ್ಪು ಲೇಬಲ್ ಅಭಿ."

"ಮತ್ತೆ ಏನು ಹೇಳ್ತೀಯ?"

ಕಿಟಕಿಯ ಕಡೆ ತಿರುಗಿದೆ. ದಾರಿಯುದ್ದಕ್ಕೂ ಹಟ್ ನದಿ ರಸ್ತೆಯ ಪಕ್ಕದಲ್ಲೇ ಬರುತ್ತಿತ್ತು. ಗೋಡೆಯಿಲ್ಲ, ಮೆಟ್ಟಿಲಿಲ್ಲ. ಯಾರೋ ನಾಯಿಗೆ ಕೋಲೆಸೆದು ಆಡಿಸುತ್ತಿದ್ದರು.

ಅತ್ತೆಯ ಮನೆಯ ನಡುಕೋಣೆ ತುಂಬಿತ್ತು. ಕಲಶದ ಪಕ್ಕದಲ್ಲಿ ಪ್ರತಿ ವರ್ಷದ ಹಾಗೆ ಕಾವೇರಿ ನೀರಿನ, ಬಾಯಿ ಮುಚ್ಚಿದ ತಾಮ್ರದ ಗಿಂಡಿ, ಅದರ ಮುಂದೆ ನಾಲ್ಕು ಪುಟ್ಟ ಬೆಳ್ಳಿ ಬಟ್ಟಲು. ಪ್ರತಿಯೊಂದರ ಕೆಳಗೂ ಅತ್ತೆಯ ಮೇಷ್ಟ್ರ ಅಕ್ಷರದಲ್ಲಿ ಹೆಸರು. ಬಟ್ಟಲುಗಳು ಖಾಲಿಯಾಗಿ ಹೊಳೆಯುತ್ತಿದ್ದವು. ಅತ್ತೆ ಹೊಸ ಸೀರೆಯುಟ್ಟು ಕುರ್ಚಿಯ ಮೇಲೆ ಕೂತಿದ್ದರು.

"ಬಂದ್ರಾ ನಮ್ಮ ನೆಂಟರು?"

"ಇಲ್ಲ ಅತ್ತೆ" ಎಂದೆ. "ಏರ್‌ಪೋರ್ಟಿನಲ್ಲಿ ತೆಗೆದುಕೊಂಡುಬಿಟ್ಟರು. ನಾಲ್ಕೂ."

ಅತ್ತೆ ಬಟ್ಟಲುಗಳನ್ನು ನೋಡಿದರು. ಅವರ ಕೈ ಮೊಣಕಾಲಿನ ಮೇಲೆ ಸುಮ್ಮನೆ ಬಿದ್ದುಕೊಂಡಿತು. ಹಂಸ ಅಟ್ಟಿಸಿಕೊಂಡು ಬಂದಾಗಲೂ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ.

"ಮೂಗಿನ ಮೇಲೆ ಕನ್ನಡಕ, ಕೈಗೆ ನೀಲಿ ಗವಸು?" ಎಂದರು ಕೊನೆಗೆ.

"ಗವಸು ಹೌದು. ಕನ್ನಡಕ ಇರಲಿಲ್ಲ."

"ಹಾಗಾದ್ರೆ ಬೇರೆಯವಳು. ನನ್ನ ಕಾವೇರೀನ ತಗೊಂಡೋಳಿಗೆ ಕನ್ನಡಕ ಇತ್ತು."

ನಾನು ಗಿಂಡಿಯನ್ನು ನೋಡಿದೆ. "ಮತ್ತೆ ಇದರಲ್ಲಿರೋದು?"

"ಅಪ್ಪರ್ ಹಟ್‌ನ ನಲ್ಲಿ ನೀರು."

ಎದುರು ಮನೆಯ ಫಿಲೋಮಿನಾ ಆಂಟಿ ಬಾಯಿಗೆ ಸೆರಗು ಒತ್ತಿಕೊಂಡರು. ಮಂಗಳೂರಿನಿಂದ ಬಂದು ಇಲ್ಲಿ ನರ್ಸಾಗಿ ನಿವೃತ್ತರಾದವರು, ಅತ್ತೆಯ ಆಪ್ತ ಸ್ನೇಹಿತೆ. "ಏನು ವಿಶಾಲಾಕ್ಷೀ, ಪ್ರತಿ ವರ್ಷ ನಮಗೆ ಕಾವೇರಿ ಅಂತ ಕೈಗೆ ಹಾಕುವುದು ಇದನ್ನೇಯಾ?"

"ಕಾವೇರೀನೇ ಅದು. ಕರೆದಿದೀನಿ, ಬಂದಿದಾಳೆ. ದಿನಾ ಬಚ್ಚಲಲ್ಲಿ ತಂಬಿಗೆ ನೀರು ತಲೆ ಮೇಲೆ ಹಾಕ್ಕೊಳ್ಳೋವಾಗ ಗಂಗೇನ ಕರೀತೀವಲ್ಲ. ಅವಳೇನು ಪ್ಲೇನ್ ಟಿಕೆಟ್ ತಗೊಂಡು ಬರ್ತಾಳಾ?"

"ಅತ್ತೆ" ಎಂದೆ, ಬಹಳ ಸಂಯಮದಿಂದ. "ಹಾಗಿದ್ದರೆ ನನ್ನನ್ನು ಯಾಕೆ ನೀರು ತರೋಕೆ ಕಳಿಸಿದ್ರಿ?"

"ನಾನು ಬಂದಿಳಿದು ಎಷ್ಟು ವರ್ಷವಾಯ್ತು. ರೂಲ್ಸು ಬದಲಾಗಿರುತ್ತೆ ಅಂದ್ಕೊಂಡೆ." ಆಮೇಲೆ ದನಿ ಸ್ವಲ್ಪ ತಗ್ಗಿತು. "ಅದೂ ಅಲ್ದೆ, ಕಾವೇರೀನ ನಾನು ನೋಡಿದೀನಿ ಕಣೇ, ಮಿಂದಿದೀನಿ. ಕಣ್ಣು ಮುಚ್ಚಿದ್ರೆ ಗುರುತು ಸಿಗ್ತಾಳೆ, ಕರೀತೀನಿ. ಇವರನ್ನ ಹೇಗೆ ಕರೀಲಿ? ಮ್ಯಾಪಲ್ಲಿ ನಾಲ್ಕೂ ಒಂದೇ ನೀಲಿ ಗೆರೆ." ಒಂದು ಚೊಂಬು ನೀರು ತರಿಸಿ ನಾಲ್ಕು ಬಟ್ಟಲಿಗೂ ಸುರಿದರು. ಬೆರಳನ್ನು ಮೊದಲನೆಯದರ ಮೇಲೆ ಹಿಡಿದು, ಕಣ್ಣು ಮುಚ್ಚಿದರು. "ಹೇಳು. ಹೇಗಿದ್ಲು ಟೈಬರ್?"

ಅಷ್ಟು ಜನರ ಮುಂದೆ ನಾನು ಜೀವಮಾನದಲ್ಲಿ ಮಾತಾಡಿದವಳಲ್ಲ. "ಕಂದು ಬಣ್ಣ" ಎಂದೆ. "ಗಟ್ಟಿ ಡಿಕಾಕ್ಷನ್ನಿಗೆ ಚೂರೇ ಹಾಲು ಬಿದ್ದ ಹಾಗೆ. ತುಂಬ ಕೆಳಗೆ ಹರಿಯುತ್ತಾಳೆ ಅತ್ತೆ, ಮೇಲಿನ ಊರಿನ ಗಲಾಟೆ ಅವಳಿಗೆ ಕೇಳಿಸೋದೇ ಇಲ್ಲ. ದಡದ ಕೆಸರು ರೇಷ್ಮೆಯಷ್ಟು ನುಣುಪು, ಹಿಡಿದರೆ ಬಿಡೋಲ್ಲ." ಆಮೇಲೆ ಮಾತು ತಾನಾಗಿ ಬಂತು. ಸ್ಲೇಟಿನ ಬಣ್ಣದ ಡ್ಯಾನ್ಯೂಬ್, ಅವಳ ಬೆನ್ನ ಮೇಲೆ ಒಣಗುತ್ತ ಹೋದ ಬಟ್ಟೆ. ಮಂಜು ಹೊದ್ದು ಮಲಗಿ ಹಂಸಗಳನ್ನು ಕಾವಲಿಟ್ಟ ವಲ್ಟಾವಾ. ಒದ್ದೆ ಕಲ್ಲಿನ ವಾಸನೆಯ ಸೀನ್, ಯಾರ ದುಃಖವನ್ನಾದರೂ ಪ್ರಶ್ನೆ ಕೇಳದೆ ತೆಗೆದುಕೊಂಡು ಹೋಗುವವಳು. ಒಂದೊಂದು ಹೆಸರಿಗೂ ಅತ್ತೆಯ ಬೆರಳು ಒಂದೊಂದು ಬಟ್ಟಲಿಗೆ ಇಳಿಯಿತು.

"ತಣ್ಣಗಿದಾಳೆ" ಎಂದರು ಕೊನೆಯದರಲ್ಲಿ, ಕಣ್ಣು ತೆರೆಯದೆ.

ಅಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಊಟಕ್ಕೆ ಕೂತಾಗ ಫಿಲೋಮಿನಾ ಆಂಟಿ ನನ್ನ ಪಕ್ಕಕ್ಕೇ ಬಂದರು. "ನೀರಿನ ವಿಷಯ ಚಂದ ಹೇಳಿದಿ ಮಾರಾಯ್ತಿ. ಈಗ ರೋಮಿನ ದೊಡ್ಡ ಇಗರ್ಜಿ ಹೇಳು. ನಾನಂತೂ ಹೋಗಲಿಲ್ಲ, ನಿನ್ನ ಬಾಯಿಂದ ಕೇಳುವ."

"ಒಳಗೆ ಹೋಗಲಿಲ್ಲ ಆಂಟಿ. ಕಾಲು ಕೆಸರಾಗಿತ್ತು."

"ಅಯ್ಯೋ. ವಿಯೆನ್ನಾದ ಅರಮನೆ?"

"ಅಭಿ ನೋಡಿದಾನೆ."

"ಪ್ಯಾರಿಸಿನ ಗೋಪುರ?"

"ತುದಿ ಕಂಡಿತು."

ಆಂಟಿ ನನ್ನ ಎಲೆಗೆ ಇನ್ನಷ್ಟು ಪುಳಿಯೋಗರೆ ಬಡಿಸಿದರು, ಕಾಯಿಲೆಯವರಿಗೆ ಬಡಿಸುವಷ್ಟು ಮೃದುವಾಗಿ. ಆಮೇಲೆ ಎಲ್ಲರೂ ಅಭಿಯ ಸುತ್ತ ಸೇರಿದರು. ಅವನು ಗುಮ್ಮಟದಿಂದ ಗುಮ್ಮಟಕ್ಕೆ ಹಾರುತ್ತ ಎರಡು ಗಂಟೆ ವರ್ಣಿಸಿದ. ನಾನೂ ಒಂದು ಮೂಲೆಯಲ್ಲಿ ಕೂತು ಕೇಳಿದೆ. ಬಹಳ ಚೆನ್ನಾಗಿರುವ ಊರುಗಳು ಅನ್ನಿಸಿತು. ಒಮ್ಮೆ ಹೋಗಬೇಕು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆರೆಯುವ ಮುಂಚೆಯೇ ಹೋಗಿ, ಪ್ರವಾಸ ವಿಭಾಗದ ಕಪಾಟಿನಿಂದ ರೋಮ್, ವಿಯೆನ್ನಾ, ಪ್ರಾಗ್, ಪ್ಯಾರಿಸ್ ಊರುಗಳ ಮಾರ್ಗದರ್ಶಿ ಪುಸ್ತಕಗಳನ್ನು ತೆಗೆದು ನನ್ನ ಹೆಸರಿಗೇ ಬರೆಸಿಕೊಂಡೆ. ಕೌಂಟರಿನಲ್ಲಿ ಅಂದೇ ಹೊಸದಾಗಿ ಸೇರಿದ ಹುಡುಗಿಯೊಬ್ಬಳಿದ್ದಳು. "ಓಹ್, ಯುರೋಪಿಗೆ ಹೊರಟಿದೀರಾ? ಯಾವಾಗ?" ಎಂದು ಆಸೆಯಿಂದ ಕೇಳಿದಳು.

"ಹೋದ ವಾರ" ಎಂದು ಹೇಳಿ, ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡೆ.